ಬರೆಯದೆ ಬಿಟ್ಟ ಖರ್ಚು

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಸಂಬಳದ ಬಗ್ಗೆಯೇ ಇದ್ದವು. ಹಾಗಾಗಿ ಪುಟವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ. ಹೊಸದಾಗಿ ಓದುವವರಿಗೆ ಒಂದು ಮಾತು. ಸ್ವಚ್ಛತೆ ಕೆಲಸದ ಗುತ್ತಿಗೆ ಹಿಡಿಯುವ ಕಚೇರಿಯೊಂದರಲ್ಲಿ ನಾನು 11 ವರ್ಷ ಹಾಜರಿ ಪುಸ್ತಕ, ಸಂಬಳದ ಪುಸ್ತಕ ಬರೆದವಳು. ಆಮೇಲೆ ಅದೇ ಕೆಲಸಗಾರರು ಕಟ್ಟಿಕೊಂಡ ಸಂಘಕ್ಕೆ ಲೆಕ್ಕ ಬರೆದೆ. ನನಗೆ ಗೊತ್ತಿರುವುದರಲ್ಲಿ ಬಹುಪಾಲು ಈ ಎರಡು ಕಡೆಯ ಪುಸ್ತಕಗಳಿಂದ ಕಲಿತದ್ದು.

ಅಕ್ಕಾ, ನಾನು ದೊಡ್ಡ ಕಟ್ಟಡವೊಂದರಲ್ಲಿ ರಾತ್ರಿ ಪಾಳಿಯಲ್ಲಿ ನೆಲ ಒರೆಸುತ್ತೇನೆ. ಸಂಬಳ ಸಾಲುವುದಿಲ್ಲ ಅಂದರೆ ಗುತ್ತಿಗೆದಾರರು ‘ಸರ್ಕಾರ ಹೇಳಿದ ಕನಿಷ್ಠ ಕೂಲಿ ಕೊಡುತ್ತಿದ್ದೇನಲ್ಲ’ ಅನ್ನುತ್ತಾರೆ. ಕಾನೂನಿನ ಪ್ರಕಾರ ಸರಿ ಇದ್ದ ಮೇಲೂ ಜಾಸ್ತಿ ಕೇಳುವುದು ದುರಾಸೆ ಆಗುತ್ತದೆಯಾ?

ಇಲ್ಲ ತಂಗಿ, ಖಂಡಿತ ಇಲ್ಲ. ಆ ಪದವನ್ನು ನಿಮ್ಮ ತಲೆಗೆ ತುಂಬಿದವರು ಯಾರೋ ಬೇರೆಯವರು.

ಕನಿಷ್ಠ ಕೂಲಿ ಅಂದರೆ ಇದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ಕಾನೂನು ಎಳೆದ ಗೆರೆ. ಆ ಗೆರೆ ಎಳೆಯುವಾಗ ಮಾಲೀಕರು ಒಂದು ಕಡೆ ಎಳೆದಿರುತ್ತಾರೆ, ಸಂಘಗಳು ಇನ್ನೊಂದು ಕಡೆ ಎಳೆದಿರುತ್ತವೆ. ಕೊನೆಗೆ ಎಲ್ಲೋ ಒಂದು ಕಡೆ ನಿಂತಿರುತ್ತದೆ. ಒಂದು ಮನೆ ಮರ್ಯಾದೆಯಿಂದ ನಡೆಯಲು ಎಷ್ಟು ಬೇಕು ಅನ್ನುವುದು ಬೇರೆಯೇ ಲೆಕ್ಕ. ಆ ಲೆಕ್ಕದಿಂದ ಬರುವ ಮೊತ್ತಕ್ಕೆ ಲಿವಿಂಗ್ ವೇಜ್ ಅನ್ನುತ್ತಾರೆ. ನಾನು ಅದನ್ನು ಬಾಳುವೆಯ ಸಂಬಳ ಅಂತ ಕರೆಯುತ್ತೇನೆ. ಎರಡೂ ಒಂದೇ ಆಗಿಬಿಟ್ಟರೆ ಒಳ್ಳೆಯದೇ. ಎಷ್ಟೋ ಕಡೆ ಆಗಿಲ್ಲ, ಅದಕ್ಕೇ ನೀವು ಪತ್ರ ಬರೆದಿದ್ದೀರಿ.

ಇದು ನಿನ್ನೆ ಮೊನ್ನೆ ಹುಟ್ಟಿದ ಬೇಡಿಕೆಯೂ ಅಲ್ಲ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶುರುವಾದಾಗ ಅದರ ಸಂವಿಧಾನದ ಪೀಠಿಕೆಯಲ್ಲೇ ಬದುಕಲು ಸಾಕಾಗುವ ಸಂಬಳದ ಮಾತು ಇತ್ತು. 1948ರ ಮಾನವ ಹಕ್ಕುಗಳ ಘೋಷಣೆಯ 23ನೇ ವಿಧಿಯೂ ಹೇಳುವುದು ಅದನ್ನೇ: ದುಡಿಯುವವನಿಗೂ ಅವನ ಮನೆಯವರಿಗೂ ಮನುಷ್ಯರಂತೆ ಬದುಕಲು ಸಾಕಾಗುವಷ್ಟು ಸಂಬಳ. 2024ರ ಮಾರ್ಚ್‌ನಲ್ಲಿ ಅದೇ ಕಾರ್ಮಿಕ ಸಂಘಟನೆ ಬಾಳುವೆಯ ಸಂಬಳ ಅಂದರೆ ಏನು ಎಂದು ಬಿಡಿಸಿ ಹೇಳುವ ವಿವರಣೆಯನ್ನು ಒಪ್ಪಿಕೊಂಡಿತು. ಅದರಲ್ಲಿ ನನಗೆ ತುಂಬ ಮುಖ್ಯ ಅನಿಸಿದ ಒಂದು ಮಾತಿದೆ. ಈ ಸಂಬಳ ಮಾಮೂಲು ಕೆಲಸದ ಅವಧಿಯಲ್ಲೇ ಸಿಗಬೇಕು. ಅಂದರೆ ಓಟಿ ಮಾಡಿ, ಎರಡು ಪಾಳಿ ದುಡಿದು, ಅದೆಲ್ಲ ಸೇರಿಸಿ ‘ನೋಡು, ಸಾಕಾಗುತ್ತಿದೆಯಲ್ಲ’ ಅನ್ನುವ ಹಾಗಿಲ್ಲ. ನಿಮ್ಮ ಸಂಬಳದ ಚೀಟಿಯಲ್ಲಿ ಓಟಿಯನ್ನು ಕಳೆದು ಎಷ್ಟು ಉಳಿಯುತ್ತದೆ, ಇವತ್ತೇ ನೋಡಿ.

ಹೆಸರಿನ ಬಗ್ಗೆಯೂ ಒಂದು ಎಚ್ಚರ ಹೇಳುತ್ತೇನೆ. ಬ್ರಿಟನ್ನಿನಲ್ಲಿ 2016ರಲ್ಲಿ ಸರ್ಕಾರ ತನ್ನ ಕನಿಷ್ಠ ಕೂಲಿಗೇ ‘ನ್ಯಾಷನಲ್ ಲಿವಿಂಗ್ ವೇಜ್’ ಎಂದು ಹೆಸರಿಟ್ಟಿತು. ಅದು ಮನೆಖರ್ಚಿನ ಲೆಕ್ಕ ಹಾಕಿ ತೆಗೆದ ಮೊತ್ತಕ್ಕಿಂತ ಕಡಿಮೆ. ಕೊನೆಗೆ ಅಲ್ಲಿ ಬಾಳುವೆಯ ಸಂಬಳಕ್ಕಾಗಿ ಹೋರಾಡುತ್ತಿದ್ದ ಚಳವಳಿಯವರು ತಮ್ಮದನ್ನು ‘ರಿಯಲ್ ಲಿವಿಂಗ್ ವೇಜ್’, ಅಂದರೆ ನಿಜವಾದದ್ದು, ಎಂದು ಬೇರೆ ಮಾಡಿ ಹೇಳಬೇಕಾಯಿತು. ಹಾಗಾಗಿ ಯಾರಾದರೂ ಈ ಪದ ಬಳಸಿದರೆ ‘ಯಾವ ಲೆಕ್ಕದಿಂದ ಬಂತು’ ಎಂದು ಕೇಳಿ.

ನಮ್ಮ ಗುಂಪಿನಲ್ಲಿ 20 ಜನ ಇದ್ದೇವೆ. ಸಂಬಳ ಜಾಸ್ತಿ ಮಾಡಿ ಅಂತ ಕೇಳಲು ತೀರ್ಮಾನ ಮಾಡಿದ್ದೇವೆ. ಆದರೆ ಎಷ್ಟು ಅಂತ ಕೇಳಬೇಕು ಅನ್ನುವುದರಲ್ಲೇ ಜಗಳ. ಒಬ್ಬೊಬ್ಬರದು ಒಂದೊಂದು ಮೊತ್ತ. ಸರಿಯಾದ ಲೆಕ್ಕ ಹಾಕುವುದು ಹೇಗೆ ಅಕ್ಕ?

ನಿಮ್ಮ ಪತ್ರ ಓದಿ ನನಗೆ ಖುಷಿಯಾಯಿತು. ಎಷ್ಟೋ ಗುಂಪುಗಳು ಈ ಪ್ರಶ್ನೆಯನ್ನೇ ಕೇಳಿಕೊಳ್ಳದೆ ಬಾಗಿಲು ತಟ್ಟಿ, ‘ಎಷ್ಟು ಬೇಕು ಹೇಳಿ’ ಅಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಮೊದಲು ನಾವು ಮಾಡಿದ ತಪ್ಪನ್ನು ಹೇಳುತ್ತೇನೆ. ಸಂಘ ಶುರುವಾದಾಗ 14 ಮನೆಯವರು ಕೂತು ಒಂದು ತಿಂಗಳ ಖರ್ಚು ಬರೆದೆವು. ಬಾಡಿಗೆ, ಊಟದ ಸಾಮಾನು, ಓಡಾಟ, ಮಕ್ಕಳ ಶಾಲೆ, ಔಷಧಿ. ನಾನೇ ಕೂಡಿಸಿದೆ. ಮೊತ್ತ ಹೆಚ್ಚುಕಡಿಮೆ ಸಂಬಳಕ್ಕೆ ಸರಿಯಾಗಿಬಿಟ್ಟಿತು. ನನಗೆ ಗಾಬರಿ. ಇದನ್ನು ತೆಗೆದುಕೊಂಡು ಹೋದರೆ ‘ಸಾಕಾಗುತ್ತಿದೆ ಅಂತ ನೀವೇ ಬರೆದಿದ್ದೀರಿ’ ಅನ್ನುತ್ತಾರೆ, ಅಲ್ವಾ? ಆಗ ಅಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಅಂದರು: ‘ಇಲ್ಲದ ದುಡ್ಡನ್ನ ಖರ್ಚು ಮಾಡೋಕೆ ಆಗುತ್ತೇನಮ್ಮ? ನಾನು ತಗೊಳ್ಳದೆ ಬಿಟ್ಟಿದ್ದನ್ನೂ ಬರಿ.’ ಅವರ ಕನ್ನಡಕದ ಒಂದು ಗಾಜು ಒಡೆದು ಎರಡು ವರ್ಷವಾಗಿತ್ತು. ಬಿಪಿ ಮಾತ್ರೆ ದಿನಾ ತಿನ್ನಬೇಕು ಎಂದು ಡಾಕ್ಟರು ಹೇಳಿದ್ದರೂ ದಿನ ಬಿಟ್ಟು ದಿನ ತಿನ್ನುತ್ತಿದ್ದರು. 11 ವರ್ಷ ಅವರ ಹೆಸರಿನ ಮುಂದೆ ಸಂಬಳ ಬರೆದವಳು ನಾನು. ಆ ಮಾತ್ರೆಯ ವಿಷಯ ನನಗೆ ಗೊತ್ತೇ ಇರಲಿಲ್ಲ.

ಅವತ್ತು ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆದೆವು. ‘ಬಿಟ್ಟದ್ದು’ ಎಂದು ತಲೆಬರಹ. ಒಬ್ಬೊಬ್ಬರೇ ಹೇಳತೊಡಗಿದರು. ನೋಯುತ್ತಿದ್ದ ಹಲ್ಲನ್ನು ಕೀಳಿಸದೆ ಬಿಟ್ಟದ್ದು. ಮಗಳ ಶಾಲೆಯ ಪ್ರವಾಸ. ಬಸ್ಸು ಬಿಟ್ಟು ನಡೆದು ಹೋದದ್ದು. ಒಬ್ಬರಂತೂ ಬಹಳ ಹೊತ್ತು ಸುಮ್ನೆ ಕೂತಿದ್ದು, ಆಮೇಲೆ ‘ಅಪ್ಪ ತೀರಿಕೊಂಡಾಗ ನೋಡೋಕೆ ಹೋಗಲಿಲ್ಲ’ ಅಂದರು. ಆ ಕಾಲಂ ಬರೆದ ಮೇಲೆ ಮೊತ್ತವೂ ಬದಲಾಯಿತು, ಕೂತಿದ್ದವರ ದನಿಯೂ ಬದಲಾಯಿತು.

ಆಮೇಲೆ ಓದುವಾಗ ಗೊತ್ತಾಯಿತು, ಇದನ್ನು ಬಹಳ ಹಿಂದೆಯೇ ಒಬ್ಬ ನ್ಯಾಯಾಧೀಶರು ಗಮನಿಸಿದ್ದರು ಎಂದು. ಆಸ್ಟ್ರೇಲಿಯಾದಲ್ಲಿ 1907ರಲ್ಲಿ ಹಿಗಿನ್ಸ್ ಅನ್ನುವವರ ಮುಂದೆ ಕೊಯ್ಲು ಯಂತ್ರ ಮಾಡುವ ಕಾರ್ಖಾನೆಯೊಂದರ ಪ್ರಕರಣ ಬಂತು. ಕೊಡುತ್ತಿರುವ ಕೂಲಿ ನ್ಯಾಯವಾದದ್ದೋ ಅಲ್ಲವೋ ಎಂದು ಅವರು ಹೇಳಬೇಕಿತ್ತು. ಅವರು ಕಾರ್ಖಾನೆಯ ಲಾಭದಿಂದ ಶುರು ಮಾಡಲಿಲ್ಲ, ಕೆಲಸಗಾರರ ಮನೆಯಿಂದ ಶುರು ಮಾಡಿದರು. ಮನೆ ನಡೆಸುವ ಹೆಂಗಸರು ಬಂದು ಖರ್ಚಿನ ಸಾಕ್ಷಿ ಹೇಳಿದರು. ಐದು ಜನರ ಮನೆಗೆ ಬಾಡಿಗೆ, ಸಾಮಾನು, ಉರುವಲು ಎಂದು ಲೆಕ್ಕ ಬಂತು. ಆಮೇಲೆ ಹಿಗಿನ್ಸ್ ಆ ಪಟ್ಟಿಯಲ್ಲಿ ಇಲ್ಲದ್ದನ್ನು ಎಣಿಸಿದರು: ದೀಪ, ಬಟ್ಟೆ, ಬೂಟು, ಪೀಠೋಪಕರಣ, ಪುಸ್ತಕ, ಪತ್ರಿಕೆ, ಓಡಾಟದ ಖರ್ಚು, ಉಳಿತಾಯ, ಕಾಯಿಲೆ, ಸಾವು. ಕೊನೆಗೆ ದಿನಕ್ಕೆ 7 ಶಿಲಿಂಗ್ ಎಂದು ತೀರ್ಪು ಕೊಟ್ಟರು. ತೀರ್ಪಿಗೆ ಆಧಾರವಾಗಿದ್ದ ಕಾನೂನು ಮರುವರ್ಷವೇ ಬಿದ್ದುಹೋಯಿತು. ಆದರೂ ಆ ಅಳತೆ ಅಲ್ಲಿ ಹತ್ತಾರು ವರ್ಷ ಉಳಿಯಿತು.

ಆ ಅಳತೆಯಲ್ಲಿ ಒಂದು ದೊಡ್ಡ ಅನ್ಯಾಯವೂ ಇತ್ತು, ಅದನ್ನು ಬಿಟ್ಟು ಹೇಳಲಾರೆ. ದುಡಿಯುವವನು ಗಂಡಸು, ಮನೆ ಅವನದು ಎಂದೇ ಲೆಕ್ಕ. ಮುಂದೆ ಹೆಂಗಸರ ಕೂಲಿಯನ್ನು ಗಂಡಸರ ಕೂಲಿಯ ಅರ್ಧದ ಆಸುಪಾಸಿನಲ್ಲೇ ನಿಲ್ಲಿಸಿದರು. ಲೆಕ್ಕ ಹೇಳಲು ಹೆಂಗಸರು ಬೇಕಾದರು, ಕೂಲಿ ಕೊಡುವಾಗ ಬೇಡವಾದರು. ನಿಮ್ಮ ಗುಂಪಿನಲ್ಲಿ ಹಾಗಾಗದಂತೆ ನೋಡಿಕೊಳ್ಳಿ.

ಈಗ ಲೆಕ್ಕಕ್ಕೆ ಬರೋಣ. ರಿಚರ್ಡ್ ಆಂಕರ್, ಮಾರ್ಥಾ ಆಂಕರ್ ಅನ್ನುವ ಇಬ್ಬರು ಮಾಡಿಕೊಟ್ಟ ವಿಧಾನವನ್ನು ಇವತ್ತು ಹಲವು ದೇಶಗಳಲ್ಲಿ ಬಳಸುತ್ತಾರೆ. 2017ರಲ್ಲಿ ಅದರ ಕೈಪಿಡಿಯೂ ಬಂತು. ತಿರುಳು ಸರಳ. ಪೌಷ್ಟಿಕವಾದ ಊಟಕ್ಕೆ ಎಷ್ಟು? ವಾಸಕ್ಕೆ ಯೋಗ್ಯವಾದ ಮನೆಗೆ ಎಷ್ಟು? ಉಳಿದ ಅಗತ್ಯಗಳಿಗೆ ಎಷ್ಟು? ಇವುಗಳ ಮೇಲೆ ಆಕಸ್ಮಿಕ ಖರ್ಚಿಗೆಂದು ಒಂದಿಷ್ಟು, ಸಾಮಾನ್ಯವಾಗಿ ಶೇಕಡಾ 5ರಷ್ಟು, ಸೇರಿಸುತ್ತಾರೆ. ಬಂದ ಮೊತ್ತವನ್ನು ಮನೆಯಲ್ಲಿ ಎಷ್ಟು ಜನ ದುಡಿಯುತ್ತಾರೋ ಅಷ್ಟರಿಂದ ಭಾಗಿಸುತ್ತಾರೆ. ಒಂದು ಮನೆಗೆ ಒಟ್ಟು 105 ಬೇಕು ಎಂದುಕೊಳ್ಳಿ. ಒಬ್ಬರು ಪೂರ್ತಿ ಕೆಲಸ, ಇನ್ನೊಬ್ಬರು ಅರ್ಧ ಹೊತ್ತಿನ ಕೆಲಸ ಮಾಡುತ್ತಾರೆ. 105ನ್ನು ಒಂದೂವರೆಯಿಂದ ಭಾಗಿಸಿದರೆ 70. ಪೂರ್ತಿ ಹೊತ್ತು ದುಡಿಯುವ ಒಬ್ಬರ ಕೈಗೆ ಬರಬೇಕಾದದ್ದು ಅಷ್ಟು. ತೆರಿಗೆ, ನಿಧಿ ಎಂದು ಸಂಬಳದಲ್ಲಿ ಹಿಡಿಯುವುದನ್ನು ಇದರ ಮೇಲೆ ಸೇರಿಸಬೇಕು, ಇಲ್ಲದಿದ್ದರೆ ಕೈಗೆ ಕಡಿಮೆ ಬರುತ್ತದೆ.

ಎರಡು ಕಡೆ ಜಗಳ ಬರುತ್ತದೆ, ಈಗಲೇ ಹೇಳಿರುತ್ತೇನೆ. ಒಂದು, ಸಾಲ. ಕೈಸಾಲದ ಕಂತನ್ನು ಖರ್ಚಿಗೆ ಸೇರಿಸಬೇಕಾ? ನಾವು ಸೇರಿಸಲಿಲ್ಲ, ಪಕ್ಕದಲ್ಲಿ ಬೇರೆಯಾಗಿ ಬರೆದೆವು. ಸಂಬಳ ಸಾಲದೆ ಹುಟ್ಟಿದ ಸಾಲ ಅದು, ಅದನ್ನು ತೋರಿಸಲೇಬೇಕು. ಆದರೆ ಒಬ್ಬರ ಸಾಲ ಇನ್ನೊಬ್ಬರ ಸಾಲಕ್ಕೆ ಸಮ ಇರುವುದಿಲ್ಲ. ಇನ್ನೊಂದು, ಮನೆಯ ಗಾತ್ರ. ದೊಡ್ಡ ಸಂಸಾರದವರು ಒಂದು ಹೇಳುತ್ತಾರೆ, ಒಂಟಿಯಾಗಿರುವವರು ಇನ್ನೊಂದು. ಸರಾಸರಿ ಮನೆ ಯಾವುದು ಎಂದು ಎಲ್ಲರೂ ಕೂತು ಒಮ್ಮೆ ಒಪ್ಪಿಕೊಳ್ಳಿ. ಆಮೇಲೆ ಅದನ್ನು ಬದಲಾಯಿಸಬೇಡಿ.

ಮೇಡಂ, ನಾವು ಕೆಲವರು ಸೇರಿ ಬಡವರಿಗೆ ಉಚಿತ ಊಟ ಕೊಡುತ್ತೇವೆ. ಸಂಬಳ, ಹೋರಾಟ ಅಂತ ಜನರನ್ನು ಎತ್ತಿಕಟ್ಟುವುದಕ್ಕಿಂತ ಹಸಿದವರಿಗೆ ನೇರವಾಗಿ ಸಹಾಯ ಮಾಡುವುದು ಒಳ್ಳೆಯದಲ್ಲವೇ?

ಊಟ ಕೊಡುವುದನ್ನು ನಿಲ್ಲಿಸಬೇಡಿ. ಹಸಿವು ಲೆಕ್ಕ ಮುಗಿಯುವ ತನಕ ಕಾಯುವುದಿಲ್ಲ.

ಆದರೆ ಊಟಕ್ಕೆ ಬಂದವರನ್ನು ‘ಎಲ್ಲಿ ಕೆಲಸ ಮಾಡುತ್ತೀರಿ’ ಎಂದು ಮೆಲ್ಲಗೆ ಕೇಳಿ ನೋಡಿ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಚರ್ಚುಗಳು ನಿಮ್ಮ ಹಾಗೆಯೇ ಉಚಿತ ಊಟ ನಡೆಸುತ್ತಿದ್ದವು. ಸಾಲಿನಲ್ಲಿ ನಿಲ್ಲುವವರಲ್ಲಿ ಕೆಲಸ ಇರುವವರೂ ಇದ್ದಾರೆ ಎಂದು ಅವರ ಗಮನಕ್ಕೆ ಬಂತು. ದಿನವಿಡೀ ದುಡಿದು, ಸಂಜೆ ಊಟದ ಸಾಲಿಗೆ! ಆ ಚರ್ಚುಗಳು ಸೇರಿ ಕಟ್ಟಿದ್ದ ಬಿಲ್ಡ್ ಅನ್ನುವ ಒಕ್ಕೂಟ ಕಾರ್ಮಿಕ ಸಂಘವೊಂದರ ಜೊತೆ ಸೇರಿ ನಗರಾಡಳಿತದ ಮುಂದೆ ಹೋಯಿತು. ಅವರು ಕೇಳಿದ್ದು ಇಷ್ಟೇ: ನಗರದ ದುಡ್ಡಿನಲ್ಲಿ ಗುತ್ತಿಗೆ ಹಿಡಿಯುವ ಕಂಪನಿಗಳು ಬದುಕಲು ಸಾಕಾಗುವ ಕೂಲಿ ಕೊಡಲಿ. 1994ರಲ್ಲಿ ಅದಕ್ಕೆ ನಗರದ ಕಾನೂನು ಬಂತು. ಆಗ ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ 4 ಡಾಲರ್ 25 ಸೆಂಟ್. ಈ ಗುತ್ತಿಗೆಗಳಲ್ಲಿ ಅದು 6 ಡಾಲರ್ 10 ಸೆಂಟ್‌ನಿಂದ ಶುರುವಾಗಿ ಹಂತ ಹಂತವಾಗಿ 7 ಡಾಲರ್ 70 ಸೆಂಟ್‌ಗೆ ಏರಿತು. ಅದನ್ನು ನೋಡಿ ಅಮೆರಿಕದ ನೂರಕ್ಕೂ ಜಾಸ್ತಿ ನಗರ, ಜಿಲ್ಲೆಗಳು ಇಂಥ ಕಾನೂನು ಮಾಡಿಕೊಂಡವು.

ಇದಕ್ಕೆ ಎತ್ತಿಕಟ್ಟುವುದು ಅನ್ನುತ್ತೀರಾ? ಊಟ ಬಡಿಸಿದವರೇ ಮುಂದಿನ ಪ್ರಶ್ನೆಯನ್ನೂ ಕೇಳಿದರು. ಬಡಿಸುವ ಕೈಗೆ ಆ ಹಕ್ಕು ಜಾಸ್ತಿಯೇ ಇದೆ ಎಂದು ನನಗನಿಸುತ್ತದೆ. ನಿಮ್ಮ ಮಾತನ್ನು ಕೇಳುವ ದೊಡ್ಡವರು ನೆಲ ಒರೆಸುವವಳ ಮಾತನ್ನು ಮೊದಲ ಸಲಕ್ಕೆ ಕೇಳಲಿಕ್ಕಿಲ್ಲ.

ನಾನು ಆರು ಜನರನ್ನು ಇಟ್ಟುಕೊಂಡು ಸಣ್ಣ ಘಟಕ ನಡೆಸುತ್ತೇನೆ. ಕೆಟ್ಟವನಲ್ಲ. ಆದರೆ ನೀವು ಹೇಳುವಷ್ಟು ಸಂಬಳ ಕೊಟ್ಟರೆ ಇಬ್ಬರನ್ನು ತೆಗೆಯಬೇಕಾಗುತ್ತದೆ. ಆಗ ಅವರ ಬಡತನಕ್ಕೆ ಯಾರು ಹೊಣೆ?

ಸರ್, ನಿಮ್ಮ ಪ್ರಶ್ನೆಯಲ್ಲಿ ಪ್ರಾಮಾಣಿಕತೆ ಇದೆ. ನಿಮ್ಮಂಥವರನ್ನು ಬೈದು ಪ್ರಯೋಜನವಿಲ್ಲ.

ಸಂಬಳ ಏರಿದರೆ ಕೆಲಸ ಹೋಗುತ್ತದೆ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4 ಡಾಲರ್ 25 ಸೆಂಟ್‌ನಿಂದ 5 ಡಾಲರ್ 5 ಸೆಂಟ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲ್‌ಗಳನ್ನು ಮೊದಲೊಮ್ಮೆ, ಆಮೇಲೊಮ್ಮೆ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಈ ವಾದ ಇನ್ನೂ ಮುಗಿದಿಲ್ಲ, ಎಷ್ಟು ಏರಿಸಿದರೂ ಏನೂ ಆಗುವುದಿಲ್ಲ ಎಂದು ಇದರ ಅರ್ಥವೂ ಅಲ್ಲ. ಆದರೆ ‘ಏರಿಸಿದೆ, ಇಬ್ಬರು ಹೋದರು’ ಅನ್ನುವುದು ಎಲ್ಲ ಕಡೆಯೂ ತಾನಾಗಿ ಆಗುವ ಸಂಗತಿಯಲ್ಲ.

ನಿಮ್ಮ ಪುಸ್ತಕವನ್ನೇ ತೆಗೆಯಿರಿ. ಹೋದ ವರ್ಷ ಎಷ್ಟು ಜನ ಕೆಲಸ ಬಿಟ್ಟರು? ಹೊಸಬರಿಗೆ ಕಲಿಸಲು ಎಷ್ಟು ದಿನ ಹೋಯಿತು? ಕಲಿಯುವಾಗ ಕೆಟ್ಟ ಮಾಲು ಎಷ್ಟು? ನಮ್ಮ ಕಚೇರಿಯಲ್ಲಿ ಈ ಖರ್ಚಿಗೆ ಕಾಲಂ ಇರಲೇ ಇಲ್ಲ. ಸಂಬಳಕ್ಕೆ ಮಾತ್ರ ಇತ್ತು. ಹಾಗಾಗಿ ಯಾವಾಗಲೂ ಸಂಬಳವೇ ಹೊರೆ ಅನಿಸುತ್ತಿತ್ತು. ಪೂರ್ತಿ ಲೆಕ್ಕ ಹಾಕಿದ ಮೇಲೂ ಆಗುವುದಿಲ್ಲ ಅನಿಸಿದರೆ, ಆ ಲೆಕ್ಕವನ್ನು ಆರು ಜನರ ಮುಂದೆ ಇಡಿ. ಎರಡು ವರ್ಷದಲ್ಲಿ ಹಂತ ಹಂತವಾಗಿ ಹೇಗೆ ಮುಟ್ಟುವುದು ಎಂದು ಅವರ ಜೊತೆಗೇ ಮಾತಾಡಿ. ನಿಮ್ಮಿಂದ ಮಾಲು ಕೊಳ್ಳುವ ದೊಡ್ಡವರು ವರ್ಷ ವರ್ಷ ದರ ಕೆಳಗೆ ತಳ್ಳುತ್ತಿದ್ದಾರೆಯೇ? ಹಾಗಿದ್ದರೆ ಆ ಮೇಜಿನ ಮುಂದೆ ನೀವೂ ನಿಮ್ಮ ಕೆಲಸಗಾರರೂ ಒಂದೇ ಕಡೆ ಕೂರಬೇಕಾದವರು.

ಸಂಬಳ ಏರಿದರೆ ಸಾಮಾನಿನ ಬೆಲೆಯೂ ಏರುತ್ತದೆ. ಏನು ಪ್ರಯೋಜನ?

ಒಂದು ವಸ್ತುವಿನ ಬೆಲೆಯಲ್ಲಿ ಕೂಲಿ ಒಂದು ಭಾಗ ಮಾತ್ರ. ಕೂಲಿ ಶೇಕಡಾ 10 ಏರಿದರೆ ಬೆಲೆಯೂ ಶೇಕಡಾ 10 ಏರಬೇಕಾಗಿಲ್ಲ. ಕೂಲಿ ನಿಂತಲ್ಲೇ ನಿಂತಿದ್ದ ವರ್ಷಗಳಲ್ಲೂ ಬೆಲೆ ಏರಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೇ ಬಾಳುವೆಯ ಸಂಬಳವನ್ನು ಒಮ್ಮೆ ಲೆಕ್ಕ ಹಾಕಿ ಬಿಡುವಂತಿಲ್ಲ, ವರ್ಷಕ್ಕೊಮ್ಮೆ ಹಾಕಬೇಕು. ಬ್ರಿಟನ್ನಿನಲ್ಲಿ ಪ್ರತಿ ವರ್ಷ ಹೊಸ ಮೊತ್ತ ಹೇಳುತ್ತಾರೆ.

ಅಕ್ಕಾ, ಸಂಬಳ ಕೇಳುವ ಪತ್ರಕ್ಕೆ ನಾನೇ ಮೊದಲು ಸಹಿ ಹಾಕಿದೆ. ಮರುವಾರದಿಂದ ನನ್ನ ಪಾಳಿ ಕಡಿಮೆ ಮಾಡಿದರು. ಈಗ ಮನೆಯಲ್ಲಿ ನನ್ನನ್ನೇ ಬೈಯುತ್ತಿದ್ದಾರೆ. ನಾನು ತಪ್ಪು ಮಾಡಿದೆನಾ?

ತಪ್ಪು ಮಾಡಿದವರು ನೀವಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ. ಯಾಕೆಂದರೆ ಆ ಇನ್ನೊಂದು ಕಡೆ ನಾನೇ ಕೂತಿದ್ದೆ. ಕೂಲಿಯ ಬಗ್ಗೆ ಪ್ರಶ್ನೆ ಕೇಳಿದ ಇಬ್ಬರು ಹೆಂಗಸರನ್ನು ದೂರದ ಜಾಗಕ್ಕೆ ಹಾಕು ಎಂದು ನನಗೆ ಹೇಳಿದರು. ಹಾಕಿದೆ. ನನ್ನ ಕೈಯಿಂದಲೇ ಬರೆದೆ. ಅವರಲ್ಲಿ ಒಬ್ಬರು ಒಂದು ತಿಂಗಳಲ್ಲಿ ಕೆಲಸ ಬಿಟ್ಟರು. ಆ ಪುಟ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಸಂಘ ಕಟ್ಟಿದ್ದಕ್ಕೆ, ಸೇರಿದ್ದಕ್ಕೆ ಕೆಲಸದಲ್ಲಿ ಕಿರುಕುಳ ಕೊಡಬಾರದು ಎಂದು 1949ರ ಅಂತರರಾಷ್ಟ್ರೀಯ ಒಪ್ಪಂದವೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 98ನೇ ನಂಬರಿನದು. ಕಾಗದದ ಮೇಲೆ ಇರುವುದು ನಿಮ್ಮ ಪಾಳಿಯನ್ನು ವಾಪಸ್ ತರುವುದಿಲ್ಲ, ಗೊತ್ತು. ಅದಕ್ಕೆ ನಿಮ್ಮ ಕೈಯಲ್ಲಿ ಪುರಾವೆ ಬೇಕು. ಯಾವ ದಿನ ಸಹಿ ಹಾಕಿದಿರಿ, ಯಾವ ದಿನದಿಂದ ಪಾಳಿ ಇಳಿಯಿತು, ಯಾರು ಏನಂದರು, ಪಕ್ಕದಲ್ಲಿ ಯಾರಿದ್ದರು. ಇವತ್ತೇ ಬರೆಯಿರಿ, ನಾಳೆಗೆ ಬೇಡ. ಹಳೆಯ ಪಾಳಿ ಪಟ್ಟಿಯ ಫೋಟೋ ಯಾರ ಫೋನಿನಲ್ಲಾದರೂ ಇದ್ದರೆ ಉಳಿಸಿಕೊಳ್ಳಿ. ಇನ್ನು ಮೇಲೆ ಒಬ್ಬರೇ ಒಳಗೆ ಹೋಗಬೇಡಿ. ನಿಮ್ಮ ಗುಂಪಿನವರಿಗೂ ಒಂದು ಮಾತು ಹೇಳುತ್ತೇನೆ: ಪಾಳಿ ಕಳೆದುಕೊಂಡವರ ಆ ತಿಂಗಳ ನಷ್ಟವನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಳ್ಳಿ. ಆಗ ಮನೆಯವರ ಬೈಗುಳವೂ ಇಳಿಯುತ್ತದೆ.

ಮುಂದಿನ ಪತ್ರಕ್ಕೆ ಸಹಿಯನ್ನು ವೃತ್ತವಾಗಿ ಹಾಕಿ. ಹಿಂದೆ ಹಡಗುಗಳಲ್ಲಿ ದುಡಿಯುವವರು ದೂರು ಕೊಡುವಾಗ ಹೀಗೆ ಮಾಡುತ್ತಿದ್ದರು. ವೃತ್ತದಲ್ಲಿ ಮೊದಲ ಸಹಿ ಯಾರದು ಎಂದು ಹೇಳಲು ಆಗುವುದಿಲ್ಲ.

ನಾನು ನಿವೃತ್ತ ಶಿಕ್ಷಕ. ನಮ್ಮ ಕಡೆ ಕೂಲಿ ಕೆಲಸದವರ ಸ್ಥಿತಿ ನೋಡಿ ಸುಮ್ಮನಿರಲು ಆಗುತ್ತಿಲ್ಲ. ಅವರ ಪರವಾಗಿ ನಾನು ಅಧಿಕಾರಿಗಳ ಹತ್ತಿರ ಮಾತಾಡಬಹುದೇ?

ಮೇಷ್ಟ್ರೇ, ನಮಸ್ಕಾರ. ಅವರ ಪರವಾಗಿ ಮಾತಾಡುವ ಮೊದಲು ಅವರಿಗೆ ಓದಿ ಹೇಳಿ. ನಿಮ್ಮಿಂದ ಆಗುವ ದೊಡ್ಡ ಕೆಲಸ ಅದೇ.

ಬಾಲ್ಟಿಮೋರಿನ ಕಾನೂನು ಬಂದ ಅದೇ 1994ರಲ್ಲಿ, ರಾಜಸ್ಥಾನದ ಕೋಟ್ ಕಿರಾನಾ ಅನ್ನುವ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಒಂದು ಸಭೆ ಕರೆದರು. ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಇಂಥವರಿಗೆ ಇಷ್ಟು ದಿನದ ಕೂಲಿ ಎಂದು ಓದಿದಾಗ, ಆ ಹೆಸರಿನವರೇ ಎದ್ದು ‘ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ’ ಅಂದರು. ಆ ಸಂಘಟನೆಯ ಘೋಷಣೆ ‘ನಮ್ಮ ದುಡ್ಡು, ನಮ್ಮ ಲೆಕ್ಕ’. 2005ರ ಮಾಹಿತಿ ಹಕ್ಕು ಕಾನೂನಿನ ಹಿಂದೆ ಇಂಥ ಸಭೆಗಳ ಶ್ರಮ ಇದೆ. ಅಲ್ಲಿ ಓದಿದವರು ಓದಿದರು ಅಷ್ಟೇ. ಸಾಕ್ಷಿ ಹೇಳಿದವರು ಕೆಲಸಗಾರರೇ.

ಲಂಡನ್ನಿನಲ್ಲೂ ಹಾಗೇ ಆಯಿತು. 2001ರಲ್ಲಿ ಅಲ್ಲಿನ ಪೂರ್ವ ಭಾಗದ ಚರ್ಚು, ಮಸೀದಿ, ಶಾಲೆ, ಸಂಘಗಳು ಸೇರಿ ಬಾಳುವೆಯ ಸಂಬಳದ ಚಳವಳಿ ಶುರು ಮಾಡಿದವು. ಎರಡು ವರ್ಷದ ನಂತರ, ದೊಡ್ಡ ಬ್ಯಾಂಕೊಂದರ ಷೇರುದಾರರ ಸಭೆಯಲ್ಲಿ ಆ ಕಚೇರಿಯನ್ನೇ ರಾತ್ರಿ ಸ್ವಚ್ಛ ಮಾಡುವ ಕೆಲಸಗಾರರೊಬ್ಬರು ಎದ್ದು ನಿಂತು ಅಧ್ಯಕ್ಷರಿಗೆ ನೇರವಾಗಿ ಕೂಲಿಯ ಪ್ರಶ್ನೆ ಕೇಳಿದರು. ಅವರ ಜೊತೆ ಬೇಕಾದಷ್ಟು ಓದಿದವರು ಇದ್ದರು. ಆದರೂ ಮಾತಾಡಿದವರು ಅವರು.

ಹಾಗಾಗಿ ನಿಮ್ಮ ಸಂಜೆಗಳನ್ನು ಕೊಡಿ. ಸಂಬಳದ ಚೀಟಿಯನ್ನು ಓದಿ ಅರ್ಥ ಹೇಳಿ. ಯಾವ ಕಡಿತ ಯಾಕೆ ಎಂದು ಒಂದೊಂದಾಗಿ ಬಿಡಿಸಿ. ಮನೆಖರ್ಚು ಬರೆಯಲು ಕೂರಿಸಿ. ಬಾಡಿಗೆ, ಊಟ, ಓಡಾಟ, ಮಕ್ಕಳು, ಔಷಧಿ ಎಂದು ಐದು ಕಾಲಂ ಎಳೆಯಿರಿ. ಆರನೆಯದಕ್ಕೆ ‘ಬಿಟ್ಟದ್ದು’ ಎಂದು ಬರೆಯಿರಿ. ಅಲ್ಲಿಗೆ ಬಂದಾಗ ಅವಸರ ಮಾಡಬೇಡಿ. ಮೊದಲ ದಿನ ಯಾರೂ ಬಾಯಿ ಬಿಡಲಿಕ್ಕಿಲ್ಲ, ಎರಡನೇ ವಾರ ಮತ್ತೆ ಕೇಳಿ. ಆ ಕಾಲಂ ಮಾತ್ರ ನೀವು ತುಂಬಬೇಡಿ, ಅವರ ಕೈಯಲ್ಲೇ ಬರೆಸಿ. ಬರೆಯಲು ಬಾರದವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಒಮ್ಮೆ ಅವರಿಗೇ ಓದಿ ಹೇಳಿ.